ಇಬ್ಬರು, ಒಂದು ಸಣ್ಣ ದೋಣಿ: ದಡದ ಹತ್ತಿರದ ಸಮುದ್ರದಲ್ಲಿ ಗಾಳ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ 14ರಿಂದ 18 ಅಡಿಯ ದೋಣಿಗೆ, ಹಿಂಬದಿಗೆ ಕಟ್ಟಿದ ಎಂಜಿನ್‌ಗೆ, ದಡ ಕಣ್ಣಿಗೆ ಕಾಣುವಷ್ಟು ದೂರಕ್ಕೆ, ಬೆಳಗ್ಗೆ ಹೋಗಿ ಸಂಜೆಯೊಳಗೆ ಬರುವ ಇಬ್ಬರಿಗೆ ಹೊಂದುವ ಮಾತು. ಆಳ ಸಮುದ್ರದ ಲೆಕ್ಕವೇ ಬೇರೆ.

## ಹೊರಡುವ ಮುಂಚೆ

ನಾವಿಬ್ಬರೇ ಹೋದ್ರೆ ಸಾಕಾ, ಇನ್ನೊಬ್ಬರು ಬೇಕಾ?

ಇಬ್ಬರು ಸಾಕು. ಈ ಅಳತೆಯ ದೋಣಿಗೆ ಮೂರನೆಯವರು ಹತ್ತಿದರೆ ದಾರ ಸಿಕ್ಕು ಬೀಳುವುದೇ ಹೆಚ್ಚು. ಆದರೆ ಎಂಜಿನ್ ಹಚ್ಚುವುದು, ಆರಿಸುವುದು, ದೋಣಿ ತಿರುಗಿಸಿ ತರುವುದು, ರೇಡಿಯೊದಲ್ಲಿ ಸಹಾಯ ಕೇಳುವುದು ಇಬ್ಬರಿಗೂ ಗೊತ್ತಿರಬೇಕು. ಒಬ್ಬರಿಗೆ ಮಾತ್ರ ಗೊತ್ತಿದ್ದು ಅವರೇ ನೀರಿಗೆ ಬಿದ್ದರೆ ಉಳಿದವರು ಏನೂ ಮಾಡಲಾರರು. ಹೊರಟ ಮೊದಲ ಹತ್ತು ನಿಮಿಷ ದಡದ ಬಳಿಯಲ್ಲೇ ಗೆಳೆಯನ ಕೈಗೆ ಎಂಜಿನ್ ಕೊಟ್ಟು ಎರಡು ಸುತ್ತು ಹೊಡೆಸಿ. ಚಾಲಕ ಕಾಲಿಗೆ ಕಟ್ಟಿಕೊಳ್ಳುವ ಕಿಲ್ ಕಾರ್ಡ್‌ನ (ಅವನು ಬಿದ್ದರೆ ಕಳಚಿ ಎಂಜಿನ್ ಆರಿಸುವ ಹುರಿ) ಇನ್ನೊಂದು ಪ್ರತಿ ದೋಣಿಯಲ್ಲೇ ಇರಲಿ. ಬಿದ್ದವನ ಜೊತೆ ಅದೂ ನೀರಿಗೆ ಹೋದರೆ, ಬೇರೆ ಕಾರ್ಡ್ ಸಿಕ್ಕಿಸದೆ ಎಂಜಿನ್ ಮತ್ತೆ ಹತ್ತುವುದಿಲ್ಲ.

ಇವತ್ತು ಹೋಗ್ಬಹುದಾ ಬೇಡ್ವಾ ಅಂತ ಹೇಗೆ ತೀರ್ಮಾನ ಮಾಡೋದು?

ಮೊದಲು ಗಾಳಿ, ಆಮೇಲೆ ಅಲೆ, ಮಳೆ ಕೊನೆಗೆ. ಗಾಳಿ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಒಳಗಿದ್ದರೆ ಹೊಸಬರು ಹೋಗಬಹುದು. 15 ನಾಟ್ ದಾಟುತ್ತದೆ ಎಂದು ಮುನ್ಸೂಚನೆ ಇದ್ದರೆ ಬೇಡ.

ಸಂಖ್ಯೆಯಷ್ಟೇ ಮುಖ್ಯ ದಿಕ್ಕು. ನೆಲದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ಮೋಸದ್ದು: ದಡದಲ್ಲಿ ನಿಂತು ನೋಡಿದರೆ ನೀರು ಕನ್ನಡಿ, ಎರಡು ಕಿ.ಮೀ. ಆಚೆ ಹೋದಾಗ ಅಲೆ ಎದ್ದಿರುತ್ತದೆ. ಎಂಜಿನ್ ಕೈಕೊಟ್ಟರೆ ಆ ಗಾಳಿ ನಿಮ್ಮನ್ನು ಆಚೆಗೇ ಒಯ್ಯುತ್ತದೆ. ಗಾಳಿ ಒಂದು ಕಡೆಯಿಂದ, ನೀರಿನ ಸೆಳೆತ ಅದಕ್ಕೆ ಎದುರು ಕಡೆಯಿಂದ ಬಂದಾಗಲೂ ಎಚ್ಚರ. ಗಾಳಿ ಅಷ್ಟೇ ಇದ್ದರೂ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಬೆಳಗ್ಗೆ ಸೆಳೆತ ಯಾವ ಕಡೆ, ಮಧ್ಯಾಹ್ನ ಯಾವ ಕಡೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಉಬ್ಬರ ಇಳಿತದ ಪಟ್ಟಿಯಲ್ಲಿ ನಿಜವಾಗ್ಲೂ ಏನು ನೋಡ್ಬೇಕು?

ಎಷ್ಟು ಹೊತ್ತಿಗೆ ತುಂಬುತ್ತದೆ ಎನ್ನುವುದನ್ನು ಎಲ್ಲರೂ ನೋಡುತ್ತಾರೆ. ನೋಡಬೇಕಾದದ್ದು ಎಷ್ಟು ಎತ್ತರಕ್ಕೆ ತುಂಬಿ ಎಷ್ಟಕ್ಕೆ ಇಳಿಯುತ್ತದೆ ಎನ್ನುವ ಅಂತರ. ಅಂತರ ಹೆಚ್ಚಿದ್ದಷ್ಟೂ ಸೆಳೆತ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇದು ಅತಿ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ.

ದಿನಕ್ಕೆ ಎರಡು ಉಬ್ಬರ ಬರುವ ಕರಾವಳಿಯಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಮರುದಿನ ಅದೇ ಉಬ್ಬರ 50 ನಿಮಿಷ ತಡ. ನೀರು ಏರುವ ಆರು ಗಂಟೆಯೂ ಒಂದೇ ವೇಗವಲ್ಲ. ಅಂತರ 2.4 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ ಏರುವುದು ಸುಮಾರು 20 ಸೆಂ.ಮೀ., ಎರಡನೆಯದರಲ್ಲಿ 40, ಮೂರು ಮತ್ತು ನಾಲ್ಕರಲ್ಲಿ ತಲಾ 60, ಆಮೇಲೆ 40, ಕೊನೆಗೆ 20. ಮಧ್ಯದ ಆ ಎರಡು ಗಂಟೆ ಸೆಳೆತ ಜೋರಾಗಿ ದಾರಕ್ಕೆ ಭಾರವಾಗಿ ಕಟ್ಟಿದ ಸೀಸ ತಳದಲ್ಲಿ ನಿಲ್ಲುವುದೇ ಕಷ್ಟ. ನೀರು ಪೂರ್ತಿ ನಿಂತಾಗ ಮೀನೂ ಸುಮ್ಮನಾಗುತ್ತದೆ. ಗಾಳ ಹಾಕಲು ಹಿತವಾದದ್ದು ನೀರು ತಿರುಗುವ ಮುಂಚಿನ ಒಂದು ಗಂಟೆ ಮತ್ತು ತಿರುಗಿದ ಮೇಲಿನ ಒಂದೂವರೆ ಗಂಟೆ. ದಿನದ ಯೋಜನೆಯನ್ನು ಗಡಿಯಾರಕ್ಕಲ್ಲ, ಇದಕ್ಕೆ ಹೊಂದಿಸಿ.

ಏನೇನು ತಗೊಂಡು ಹೋಗ್ಬೇಕು? ಒಂದು ಪಟ್ಟಿ ಕೊಡಿ.

ಮೀನಿನ ಸಾಮಾನು ಯಾರೂ ಮರೆಯುವುದಿಲ್ಲ, ಅದನ್ನು ಬಿಟ್ಟು ಹೇಳುತ್ತೇವೆ. ಇಬ್ಬರಿಗೂ ಲೈಫ್ ಜಾಕೆಟ್, ಅದೂ ಮೈಮೇಲೆ. ಸೀಟಿನಡಿ ಇಟ್ಟದ್ದು ಲೆಕ್ಕಕ್ಕಿಲ್ಲ. ಲಂಗರು ಮತ್ತು ಹಗ್ಗ, ಒಂದು ಜೊತೆ ಹುಟ್ಟು, ನೀರು ಎತ್ತಿಹಾಕಲು ಡಬ್ಬ, ಸೀಟಿ, ಟಾರ್ಚ್, ಜಲನಿರೋಧಕ ಚೀಲದಲ್ಲಿ ಫೋನ್, ಸಾಧ್ಯವಿದ್ದರೆ ವಿಎಚ್‌ಎಫ್ ರೇಡಿಯೊ (ತುರ್ತಿಗೆ 16ನೇ ಚಾನೆಲ್). ತಲಾ ಮೂರು ಲೀಟರ್ ಕುಡಿಯುವ ನೀರು. ಗಾಳದ ಕಂಬಿಯನ್ನು ಕತ್ತರಿಸುವಷ್ಟು ಗಟ್ಟಿಯಾದ ಕಟಿಂಗ್ ಪ್ಲೇಯರ್. ಪೆಟ್ರೋಲ್ ಲೆಕ್ಕ ಸರಳ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು.

ದಡದಲ್ಲಿರುವ ಒಬ್ಬರಿಗೆ ಮೂರು ವಿಷಯ ಹೇಳಿ ಹೋಗಿ: ಎಲ್ಲಿಗೆ ಹೋಗುತ್ತೀರಿ, ಎಷ್ಟಕ್ಕೆ ಬರುತ್ತೀರಿ, ಎಷ್ಟು ಗಂಟೆ ಮೀರಿದರೆ ಅವರು ಸಹಾಯಕ್ಕೆ ಕರೆ ಮಾಡಬೇಕು. ಮೂರನೆಯದನ್ನು ಹೇಳದೆ ಹೋಗುವವರೇ ಜಾಸ್ತಿ.

ದೋಣಿ ಹತ್ತಿದ್ರೆ ವಾಂತಿ ಬರುತ್ತೆ. ಏನಾದ್ರೂ ದಾರಿ ಇದೆಯಾ?

ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ತಲೆ ತಿರುಗಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ದೋಣಿಯ ಮೂತಿಯಲ್ಲಿ ಕುಣಿತ ಹೆಚ್ಚು, ನಡುವಿನಿಂದ ಹಿಂದಕ್ಕೆ ಕೂತು ದಿಗಂತ ನೋಡಿ. ನಿಜವಾಗಿ ಹೊಟ್ಟೆ ತೊಳಸುವುದು ತಲೆ ಬಗ್ಗಿಸಿ ಗಾಳ ಕಟ್ಟುವಾಗ. ಮನೆಯಲ್ಲೇ ಗಾಳ, ಸೀಸ, ದಾರ ಸೇರಿಸಿ ಹತ್ತು ಜೋಡಿ ಕಟ್ಟಿ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದರೆ ಆ ಕೆಲಸವೇ ಇರುವುದಿಲ್ಲ.

## ದೋಣಿಯ ವಿಷಯ

ಎಂಜಿನ್ ಚೆನ್ನಾಗೇ ಹತ್ತುತ್ತೆ, ಐದು ನಿಮಿಷ ಓಡಿ ನಿಂತುಬಿಡುತ್ತೆ. ಯಾಕೆ?

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು ನೋಡಿ. ಅದು ಮುಚ್ಚಿದ್ದರೆ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಲಾಗದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗುತ್ತದೆ, ಎಂಜಿನ್ ಬಾಯಾರಿ ನಿಲ್ಲುತ್ತದೆ. ಹಿಸುಕುವ ರಬ್ಬರ್ ಬಲ್ಬ್ ಚಪ್ಪಟೆಯಾಗಿಯೇ ಉಳಿದಿದ್ದರೆ ಕಾರಣ ಬಹುತೇಕ ಇದೇ. ಇಲ್ಲವಾದರೆ ಕ್ರಮವಾಗಿ: ಕೊಳವೆಯ ಕೊಂಡಿ ಸರಿಯಾಗಿ ಕೂತಿದೆಯೇ, ಬಲ್ಬ್ ಮೇಲಿನ ಬಾಣ ಎಂಜಿನ್ ಕಡೆಗಿದೆಯೇ, ಫಿಲ್ಟರ್‌ನಲ್ಲಿ ನೀರು ಸೇರಿದೆಯೇ. ಎಂಜಿನ್ ಹತ್ತುವುದೇ ಇಲ್ಲ ಎಂದರೆ ಮೊದಲು ಕಿಲ್ ಕಾರ್ಡ್, ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿ, ನಂತರವೇ ಮುಚ್ಚಳ ಬಿಚ್ಚಿ.

ಎಂಜಿನ್ ಹಿಂದಿನಿಂದ ಸಣ್ಣಗೆ ಚಿಮ್ಮುವ ನೀರಿನ ಧಾರೆಯ ಮೇಲೂ ಕಣ್ಣಿರಲಿ. ಅದು ನಿಂತರೆ ತಂಪಾಗಿಸುವ ನೀರು ಹೋಗುತ್ತಿಲ್ಲ ಎಂದರ್ಥ; ಕೂಡಲೇ ಆರಿಸಿ, ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಅಥವಾ ಪಾಚಿ ಅಂಟಿದೆಯೇ ನೋಡಿ. ದೋಣಿ ನೀರಿಗಿಳಿಸುವ ಮುನ್ನ ತಳದ ತೂತಿನ ಬಿರಡೆ ಹಾಕುವುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ.

ಲಂಗರು ಹಾಕಿದ್ರೂ ದೋಣಿ ಜಾರ್ತಾನೇ ಇರುತ್ತಲ್ಲ?

ಹಗ್ಗ ಸಾಲುತ್ತಿಲ್ಲ. ಲಂಗರು ಹಿಡಿಯುವುದು ತನ್ನ ಭಾರದಿಂದಲ್ಲ, ಅಡ್ಡಡ್ಡ ಎಳೆದಾಗ ತಳಕ್ಕೆ ನಾಟುವುದರಿಂದ. ಹಗ್ಗ ನೆಟ್ಟಗಿದ್ದರೆ ಪ್ರತಿ ಅಲೆಗೂ ಅದು ಕಿತ್ತು ಬರುತ್ತದೆ. ನೀರಿನ ಆಳಕ್ಕೆ ಮೂತಿಯ ಎತ್ತರ ಸೇರಿಸಿ, ಅದರ ಐದರಿಂದ ಏಳು ಪಟ್ಟು ಬಿಡಿ: 8 ಮೀಟರ್ ಆಳ, 1 ಮೀಟರ್ ಮೂತಿ ಎಂದರೆ 45ರಿಂದ 63 ಮೀಟರ್. ಲಂಗರಿಗೂ ಹಗ್ಗಕ್ಕೂ ನಡುವೆ ಮೂರು ನಾಲ್ಕು ಮೀಟರ್ ಸರಪಳಿ ಇದ್ದರೆ ಎಳೆತ ತಳಕ್ಕೆ ಹತ್ತಿರವಾಗಿಯೇ ಇರುತ್ತದೆ.

ಕಟ್ಟುವುದು ಯಾವಾಗಲೂ ಮೂತಿಗೆ. ಹಿಂಬದಿಗೆ ಕಟ್ಟಿದರೆ ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಆ ಕಡೆಯಿಂದ ಅಲೆ ಒಳಗೆ ನುಗ್ಗುತ್ತದೆ. ಸಣ್ಣ ದೋಣಿ ಮುಳುಗಲು ಇದೊಂದೇ ಸಾಕು. ಬಂಡೆಗೆ ಸಿಕ್ಕಿಕೊಂಡ ಲಂಗರನ್ನು ಕೈಯಿಂದ ಜಗ್ಗಬೇಡಿ. ನಿಧಾನವಾಗಿ ಅದನ್ನು ದಾಟಿ ಮುಂದೆ ಹೋಗಿ ಎದುರು ದಿಕ್ಕಿನಿಂದ ಎಳೆಯಿರಿ, ಒಬ್ಬರು ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳದಂತೆ ಎತ್ತಿ ಹಿಡಿದಿರಲಿ.

ಅಳಿವೆ ಬಾಯಿ ದಾಟೋಕೆ ಭಯ ಆಗುತ್ತೆ. ಯಾವಾಗ ದಾಟೋದು ಒಳ್ಳೇದು?

ಭಯ ಇರುವುದು ಒಳ್ಳೆಯದೇ. ನೀರು ಏರುತ್ತಿರುವಾಗ, ಉಬ್ಬರ ಪೂರ್ತಿಯಾಗುವ ಹತ್ತಿರ ದಾಟಿ. ಇಳಿತದ ನೀರು ನದಿಯ ನೀರನ್ನೂ ಸೇರಿಸಿಕೊಂಡು ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ಮರಳುದಿಣ್ಣೆಯ ಮೇಲೆ ಎದ್ದು ಒಡೆಯುತ್ತದೆ. ಅಲೆಗಳು ಗುಂಪಾಗಿ ಬರುತ್ತವೆ. ಹತ್ತು ಹದಿನೈದು ನಿಮಿಷ ದೂರದಲ್ಲಿ ನಿಂತು ನೋಡಿದರೆ ದೊಡ್ಡ ಗುಂಪು ಹೋದ ಮೇಲಿನ ಬಿಡುವು ತಿಳಿಯುತ್ತದೆ. ಒಳಗೆ ಬರುವಾಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬನ್ನಿ. ಅದನ್ನು ಹಿಂದಿಕ್ಕಬೇಡಿ, ಹಿಂದಿನದಕ್ಕೆ ಸಿಕ್ಕಲೂಬೇಡಿ. ನಡುವೆ ಮನಸ್ಸು ಬದಲಿಸಿ ದೋಣಿ ಅಡ್ಡ ತಿರುಗಿಸುವುದು ಎಲ್ಲಕ್ಕಿಂತ ಅಪಾಯ.

## ರಾಡ್, ದಾರ, ಗಾಳ, ಎರೆ

ಒಂದೇ ರಾಡ್ ತಗೊಳ್ಳೋದಾದ್ರೆ ಎಂಥದ್ದು? ದಾರ ಎಷ್ಟು ದಪ್ಪ?

ಆರೂವರೆಯಿಂದ ಏಳಡಿಯ ಮಧ್ಯಮ ಬಿಗಿಯ ರಾಡ್, 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲ್, 20 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ, ಅದರ ತುದಿಗೆ ಒಂದು ಮೀಟರ್ 30 ಪೌಂಡಿನ ನೈಲಾನ್ ಅಥವಾ ಫ್ಲೋರೋಕಾರ್ಬನ್. ದಡದಿಂದ ಎಸೆಯುವ ಹತ್ತು ಹನ್ನೆರಡು ಅಡಿಯ ರಾಡ್ ದೋಣಿಯಲ್ಲಿ ಗೆಳೆಯನ ಮುಖಕ್ಕೇ ತಾಗುತ್ತದೆ.

ರೀಲಿನ ಡ್ರ್ಯಾಗ್ ಅನ್ನು (ಮೀನು ಎಳೆದಾಗ ಎಷ್ಟು ಬಲಕ್ಕೆ ದಾರ ಬಿಡಬೇಕು ಎನ್ನುವ ಬಿಗಿ) ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸಬೇಕು. 20 ಪೌಂಡ್ ಎಂದರೆ ಸುಮಾರು 9 ಕೆ.ಜಿ.; ದಾರದ ತುದಿಯನ್ನು ತೂಗುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ ಎರಡೂಕಾಲರಿಂದ ಮೂರು ಕೆ.ಜಿ.ಗೆ ದಾರ ಬಿಡತೊಡಗಬೇಕು. ಇದು ಮನೆಯಲ್ಲಿ ಮಾಡುವ ಕೆಲಸ. ಮೀನು ಓಡುತ್ತಿರುವಾಗ ತಿರುಪು ಬಿಗಿ ಮಾಡುವುದೇ ದಾರ ಹರಿಯಲು ಮೊದಲ ಕಾರಣ.

ಗಾಳದ ನಂಬರ್ ಲೆಕ್ಕಾನೇ ತಿಳಿಯಲ್ಲ. 4 ದೊಡ್ಡದಾ, 4/0 ದೊಡ್ಡದಾ?

4/0 ದೊಡ್ಡದು. ಬರೀ ಅಂಕಿ ಇದ್ದರೆ ಅಂಕಿ ಹೆಚ್ಚಿದಷ್ಟೂ ಗಾಳ ಚಿಕ್ಕದು. ಓರೆಗೆರೆ ಸೊನ್ನೆ ಬಂದರೆ ಅಂಕಿ ಹೆಚ್ಚಿದಷ್ಟೂ ದೊಡ್ಡದು. ಬಾಯಿ ಚಿಕ್ಕದಾದ ಕಾಣೆಯಂಥ ಮೀನಿಗೆ 6ರಿಂದ 4, ಬಂಡೆ ಬುಡದ ಮುರು, ಕೊಕ್ಕರ್‌ಗಳಿಗೆ 2/0ರಿಂದ 4/0. ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ ಬಳಸಿದರೆ ಮೀನು ಕಚ್ಚಿದಾಗ ರಾಡ್ ಜಗ್ಗಬಾರದು. ರೀಲ್ ಸುತ್ತಿ ದಾರ ಬಿಗಿ ಮಾಡಿದರೆ ಸಾಕು, ಬಾಯಿಯ ಮೂಲೆಗೆ ತಾನೇ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಹೊರಗೆ ಬರುತ್ತದೆ.

ಮೀನು ಹೋದ ಮೇಲೆ ನೋಡಿದ್ರೆ ದಾರದ ತುದಿ ಸುರುಳಿ ಸುರುಳಿಯಾಗಿರುತ್ತೆ. ಏನರ್ಥ?

ದಾರ ಹರಿದಿಲ್ಲ, ಗಂಟು ಜಾರಿದೆ. ಹರಿದಿದ್ದರೆ ತುದಿ ನೇರವಾಗಿ, ಬಂಡೆಗೆ ಉಜ್ಜಿದ್ದರೆ ಒರಟಾಗಿ ಇರುತ್ತಿತ್ತು. ಬ್ರೇಡ್ ನುಣುಪು, ನೈಲಾನ್‌ಗೆ ಹಾಕುವ ಐದು ಸುತ್ತಿನ ಕ್ಲಿಂಚ್ ಗಂಟು ಅದರಲ್ಲಿ ನಿಲ್ಲುವುದಿಲ್ಲ. ದಾರ ಎರಡು ಮಡಚಿ ಹಾಕುವ ಪಾಲೊಮಾರ್ ಗಂಟು ಹಾಕಿ. ಬ್ರೇಡ್‌ಗೆ ನೈಲಾನ್ ಸೇರಿಸಲು ಎರಡೂ ಬದಿಯ ಯೂನಿ ಗಂಟು, ಬ್ರೇಡ್ ಕಡೆ ಎಂಟು ಸುತ್ತು, ನೈಲಾನ್ ಕಡೆ ಐದು. ಬಿಗಿ ಮಾಡುವ ಮುಂಚೆ ಎಂಜಲು ಹಚ್ಚಿ. ಒಣಗಿದ ನೈಲಾನ್ ಗಂಟು ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ. ತುದಿಯನ್ನು ಎರಡು ಮೂರು ಮಿ.ಮೀ. ಉಳಿಸಿ ಕತ್ತರಿಸಿ.

ಎರೆ ಸಿಕ್ಕಿಸೋದು ಹೇಗೆ? ನೀರಲ್ಲಿ ಗಿರಗಿರ ಸುತ್ತುತ್ತೆ.

ಬೊಂಡಾಸವಾದರೆ (ಸ್ಕ್ವಿಡ್) ಒಂದು ಸೆಂ.ಮೀ. ಅಗಲ, ಆರೇಳು ಸೆಂ.ಮೀ. ಉದ್ದದ ಪಟ್ಟಿ, ಒಂದು ತುದಿ ಮೊನಚು. ಅಗಲದ ತುದಿಯ ಹತ್ತಿರ, ನಟ್ಟನಡುವೆ, ಒಂದೇ ಸಲ ಚುಚ್ಚಿ. ಎರಡು ಮೂರು ಕಡೆ ಚುಚ್ಚಿ ಮುದ್ದೆ ಮಾಡಿದರೆ ಅಥವಾ ಅಂಚಿಗೆ ಚುಚ್ಚಿದರೆ ಅದು ಫ್ಯಾನಿನಂತೆ ತಿರುಗಿ ದಾರವನ್ನೆಲ್ಲ ಮುರಿ ಹಾಕುತ್ತದೆ. ಸಿಗಡಿಯಾದರೆ ಬಾಲದ ರೆಕ್ಕೆ ಕಿತ್ತು, ಬಾಲದಿಂದ ಒಳಹೊಗಿಸಿ ಹೊಟ್ಟೆಯ ಕಡೆ ಹೊರತೆಗೆಯಿರಿ. ಯಾವ ಎರೆಯಾದರೂ ಗಾಳದ ಮೊನೆ ಹೊರಗೆ ಕಾಣಬೇಕು. ಮೊನೆ ಮುಚ್ಚಿದರೆ ಮೀನಿಗೆ ಗುಮಾನಿ ಬರುವುದಿಲ್ಲ ಎನ್ನುವುದು ಹಳೆಯ ನಂಬಿಕೆ. ಆಗುವುದೇನೆಂದರೆ ಎರೆ ತಿಂದು ಹೋಗುತ್ತದೆ.

ಸೀಸ ಎಷ್ಟು ಹಾಕ್ಬೇಕು?

ತಳ ಮುಟ್ಟಿ ನಿಲ್ಲುವಷ್ಟು, ಅದಕ್ಕಿಂತ ಹೆಚ್ಚಲ್ಲ. ಹತ್ತು ಮೀಟರ್ ಆಳಕ್ಕೆ, ಸೆಳೆತ ಕಡಿಮೆಯಿದ್ದಾಗ, 30ರಿಂದ 40 ಗ್ರಾಂನಿಂದ ಶುರು ಮಾಡಿ. ದಾರ ನೇರದಿಂದ 45 ಡಿಗ್ರಿಗಿಂತ ಹೆಚ್ಚು ಓರೆಯಾದರೆ ದೊಡ್ಡದಕ್ಕೆ ಬದಲಿಸಿ.

## ನೀರಿನ ಮೇಲೆ

ಇಷ್ಟು ದೊಡ್ಡ ಸಮುದ್ರದಲ್ಲಿ ಮೀನು ಎಲ್ಲಿದೆ ಅಂತ ಹುಡುಕೋದು?

ಬದಲಾವಣೆ ಹುಡುಕಿ: ಮರಳು ಮುಗಿದು ಬಂಡೆ ಶುರುವಾಗುವ ಅಂಚು, ಮೂರು ಮೀಟರ್ ಆಳ ತಟ್ಟನೆ ಆರಾಗುವ ಜಾಗ, ಕಲಕಿದ ನೀರೂ ತಿಳಿನೀರೂ ಸೇರುವ ಗೆರೆ. ಇಳಿತದಲ್ಲಿ ಅಳಿವೆಯಿಂದ ಸಿಗಡಿ, ಮರಿಮೀನು ಕೊಚ್ಚಿ ಬರುವಾಗ ದೊಡ್ಡ ಮೀನು ಸೆಳೆತದ ಪಕ್ಕದ ನಿಂತ ನೀರಲ್ಲಿ ಕಾದಿರುತ್ತದೆ. ಬಂಡೆಯ ಮೇಲೆ ಲಂಗರು ಹಾಕಬೇಡಿ. ಸೆಳೆತ ಬರುವ ಕಡೆಗೆ ಸಾಕಷ್ಟು ಮುಂದೆ ಹೋಗಿ ಲಂಗರು ಇಳಿಸಿ, ಹಗ್ಗ ಬಿಡುತ್ತಾ ಹಿಂದೆ ಸರಿದು ಬಂಡೆಯ ಅಂಚಿಗೆ ಬಂದು ನಿಲ್ಲಬೇಕು. ಹಕ್ಕಿಗಳು ಮುಗಿಬಿದ್ದಿರುವ ಕಡೆಗೆ ಎಂಜಿನ್ ಓಡಿಸಿಕೊಂಡು ನುಗ್ಗಿದರೆ ಮೀನಿನ ಹಿಂಡು ತಳಕ್ಕೆ ಹೋಗುತ್ತದೆ. ಗಾಳಿಯ ಮೇಲ್ಗಡೆ ದೂರದಲ್ಲೇ ಆರಿಸಿ ತೇಲಿಕೊಂಡು ಬನ್ನಿ.

ನಮ್ಮಿಬ್ಬರ ದಾರ ಪ್ರತಿ ಸಲ ಸಿಕ್ಕು ಬೀಳುತ್ತೆ. ಜಗಳಾನೇ ಆಗುತ್ತೆ.

ಲಂಗರು ಹಾಕಿದ್ದರೆ ಒಬ್ಬರು ಎಡ, ಒಬ್ಬರು ಬಲ. ಸೀಸ ಇಬ್ಬರದ್ದೂ ಒಂದೇ ತೂಕ. ಹಗುರ ಸೀಸದ ದಾರ ಹೆಚ್ಚು ಓರೆಯಾಗಿ ಇನ್ನೊಬ್ಬರ ದಾರದ ಮೇಲೆ ಹಾಯುವುದೇ ಸಿಕ್ಕಿಗೆ ಕಾರಣ. ತೇಲಿಕೊಂಡು ಹೋಗುತ್ತಿದ್ದರೆ ಇಬ್ಬರೂ ಗಾಳಿ ಬರುವ ಕಡೆಗೇ ಗಾಳ ಬಿಡಬೇಕು, ಒಬ್ಬರು ಮೂತಿಯ ಕಡೆ, ಒಬ್ಬರು ಹಿಂದೆ, ಇಬ್ಬರೂ ಕೂತೇ ಇರಬೇಕು. ಆಚೆ ಬದಿಗೆ ಬಿಟ್ಟರೆ ದೋಣಿ ದಾರದ ಮೇಲೇ ಸರಿದು ದಾರ ತಳದಡಿಗೆ ಹೋಗುತ್ತದೆ. ಎಸೆಯುವಾಗ ಒಬ್ಬರಾದ ಮೇಲೆ ಒಬ್ಬರು, ಹಿಂದೆ ನೋಡಿ, "ಎಸೀತೀನಿ" ಎಂದು ಬಾಯಿಬಿಟ್ಟು ಹೇಳಿ. ಒಬ್ಬರಿಗೆ ದೊಡ್ಡ ಮೀನು ಸಿಕ್ಕಿದ ಕ್ಷಣ ಇನ್ನೊಬ್ಬರು ತಮ್ಮ ದಾರ ಸುತ್ತಿಕೊಳ್ಳಬೇಕು. ಇದನ್ನು ದಡದಲ್ಲೇ ಮಾತಾಡಿಕೊಂಡಿದ್ದರೆ ಜಗಳವಿಲ್ಲ.

ದೋಣಿ ಪಕ್ಕಕ್ಕೆ ಬಂದ ಮೀನು ಅಲ್ಲೇ ತಪ್ಪಿಸ್ಕೊಳ್ಳುತ್ತೆ. ಬಲೆ ಹಿಡಿಯೋದ್ರಲ್ಲಿ ತಪ್ಪಾ?

ಬಹುತೇಕ ಹೌದು. ಕೈಬಲೆಯಿಂದ ಮೀನನ್ನು ಅಟ್ಟಬಾರದು. ಬಲೆಯನ್ನು ನೀರೊಳಗೆ ಅರ್ಧ ಮುಳುಗಿಸಿ ಅಲ್ಲಾಡಿಸದೆ ಹಿಡಿದಿರಿ. ರಾಡ್ ಹಿಡಿದವರು ಮೀನನ್ನು ತಲೆ ಮುಂದಾಗಿ ಬಲೆಯ ಮೇಲೆ ತರಲಿ, ಆಗ ಎತ್ತಿ. ಬಾಲದ ಕಡೆಯಿಂದ ಬಲೆ ತಾಗಿಸಿದರೆ ಒಂದೇ ನೆಗೆತಕ್ಕೆ ಮುಂದೆ ಹೋಗುತ್ತದೆ.

ಗಾಳ ಬೆರಳಿಗೆ ಚುಚ್ಚಿ ಮುಳ್ಳು ಒಳಗೆ ಹೋದ್ರೆ?

ಕಣ್ಣು, ಮುಖ, ಕುತ್ತಿಗೆ, ಕೀಲಿನ ಹತ್ತಿರವಾದರೆ ಮುಟ್ಟಬೇಡಿ; ದಾರ ಕತ್ತರಿಸಿ, ಗಾಳ ಅಲ್ಲಾಡದಂತೆ ಬಟ್ಟೆ ಸುತ್ತಿ ದಡಕ್ಕೆ ಬನ್ನಿ. ಬೆರಳ ತುದಿ, ತೋಳಿನ ಮಾಂಸವಾದರೆ ಗೆಳೆಯನೇ ತೆಗೆಯಬಹುದು. ಗಟ್ಟಿ ದಾರವನ್ನು ಮಡಚಿ ಗಾಳದ ಬಾಗಿದ ಭಾಗಕ್ಕೆ ಸುತ್ತಿ. ಗಾಳದ ಕಣ್ಣನ್ನು ಇನ್ನೊಂದು ಕೈಬೆರಳಿಂದ ಚರ್ಮಕ್ಕೆ ಒತ್ತಿ ಹಿಡಿಯಿರಿ. ಒಳಗಿನ ಮುಳ್ಳು ಬಿಡಿಸಿಕೊಳ್ಳುವುದು ಇದರಿಂದಲೇ. ಆಮೇಲೆ ದಾರವನ್ನು ಚರ್ಮಕ್ಕೆ ಸಮಾಂತರವಾಗಿ, ಗಾಳ ಹೊಕ್ಕ ದಿಕ್ಕಿಗೆ ವಿರುದ್ಧವಾಗಿ, ಒಂದೇ ಸಲಕ್ಕೆ ಜೋರಾಗಿ ಎಳೆಯಿರಿ. ಅಳುಕಿ ಅರೆಬರೆ ಎಳೆದರೆ ನೋವು ಹೆಚ್ಚು. ತೊಳೆದು, ಟಿಟಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ.

ಶೇಡಿ (ಕ್ಯಾಟ್‌ಫಿಶ್) ಮೀನಿನ ಮುಳ್ಳು ಅಥವಾ ತೊರಕೆಯ (ಸ್ಟಿಂಗ್‌ರೇ) ಬಾಲ ಚುಚ್ಚಿದರೆ ಚಿಕಿತ್ಸೆ ಬೇರೆ: ತಡೆದುಕೊಳ್ಳಬಹುದಾದಷ್ಟು, ಸುಮಾರು 45 ಡಿಗ್ರಿ ಬಿಸಿಯ ನೀರಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿದರೆ ನೋವು ಇಳಿಯುತ್ತದೆ. ಫ್ಲಾಸ್ಕಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಚುಚ್ಚಿಸಿಕೊಳ್ಳದವರು ಕೈ ಹಾಕಿ ನೋಡಿ ಆಮೇಲೆ ಮುಳುಗಿಸಲಿ. ತೊರಕೆ ಎದೆಗೆ, ಹೊಟ್ಟೆಗೆ ಚುಚ್ಚಿದರೆ ಮುಳ್ಳು ಕೀಳದೆ ಆಸ್ಪತ್ರೆಗೆ.

ಒಬ್ಬ ನೀರಿಗೆ ಬಿದ್ದ. ದೋಣಿಯಲ್ಲಿ ನಾನೊಬ್ಬನೇ. ಮೊದಲು ಏನು?

ತೇಲುವ ಏನಾದರೂ ಎಸೆಯಿರಿ, ಅವನ ಮೇಲಿಂದ ಕಣ್ಣು ತೆಗೆಯಬೇಡಿ. ದೋಣಿ ಓಡುತ್ತಿದ್ದರೆ ಅವನು ಬಿದ್ದ ಕಡೆಗೇ ದೋಣಿಯ ಮೂತಿ ತಿರುಗಿಸಿ, ಆಗ ಪ್ರೊಪೆಲ್ಲರ್ ಅವನಿಂದ ದೂರ ಸರಿಯುತ್ತದೆ. ಸುತ್ತಿ ಬಂದು ಗಾಳಿಗೆ ಎದುರಾಗಿ ನಿಧಾನ ಹತ್ತಿರವಾಗಿ, ಎರಡು ಮೂರು ಮೀಟರ್ ಇರುವಾಗ ಎಂಜಿನ್ ಪೂರ್ತಿ ಆರಿಸಿ, ನ್ಯೂಟ್ರಲ್ ಸಾಲದು. ಒದ್ದೆ ಬಟ್ಟೆಯ ಮನುಷ್ಯನನ್ನು ಎತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹಗ್ಗದಲ್ಲಿ ಕಾಲಿಡಲು ಕುಣಿಕೆ ಮಾಡಿ ಬದಿಗೆ ಕಟ್ಟಿಕೊಡಿ, ಅವನೇ ಮೆಟ್ಟಿ ಏರಲಿ, ನೀವು ಲೈಫ್ ಜಾಕೆಟಿನ ಹೆಗಲು ಹಿಡಿದು ಎಳೆಯಿರಿ.

ಮಿಂಚು ಕಾಣಿಸ್ತಾ ಇದೆ, ಆದ್ರೆ ದೂರದಲ್ಲಿದೆ. ಕಾಯ್ಬಹುದಾ?

ಮಿಂಚಿನಿಂದ ಗುಡುಗಿಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿದರೆ ಕಿ.ಮೀ. 30 ಸೆಕೆಂಡಿಗಿಂತ ಕಡಿಮೆಯಾದರೆ ಅದು ಹತ್ತು ಕಿ.ಮೀ. ಒಳಗಿದೆ, ಆ ಹೊತ್ತಿಗೆ ನೀವು ದಡದಲ್ಲಿರಬೇಕಿತ್ತು. ರಾಡ್‌ಗಳನ್ನು ಮಲಗಿಸಿ, ಹೊರಡಿ.

## ಕೈ ಪಳಗಿದ ಮೇಲೆ

ಒಂದೇ ದೋಣಿ, ಒಂದೇ ಎರೆ. ಅವನಿಗೆ ಸಿಗುತ್ತೆ, ನನಗೆ ಸಿಗಲ್ಲ. ಅದೃಷ್ಟಾನಾ?

ಅದೃಷ್ಟ ಒಂದೆರಡು ಮೀನಿನವರೆಗೆ. ಬೆಳಗಿನಿಂದ ಹಾಗೇ ನಡೆದರೆ ಏನೋ ವ್ಯತ್ಯಾಸ ಇದ್ದೇ ಇದೆ.

ಮೊದಲು ಜಾಗ ಬದಲಿಸಿ. ಲಂಗರು ಹಾಕಿದ ದೋಣಿಯ ಮೂತಿ ಸೆಳೆತಕ್ಕೆ ಎದುರಾಗಿರುತ್ತದೆ. ಎರೆಯ ವಾಸನೆ ಹಿಂದಕ್ಕೆ ಹರಿಯುತ್ತದೆ, ಮೀನು ಅದನ್ನು ಹಿಡಿದು ಹಿಂದಿನಿಂದ ಮೇಲೆ ಬರುತ್ತದೆ. ಹಿಂಬದಿಯಲ್ಲಿ ಕೂತವರ ಎರೆಯೇ ಅದಕ್ಕೆ ಮೊದಲು ಸಿಗುವುದು. ಜಾಗ ಬದಲಿಸಿದ ಮೇಲೂ ಅವನಿಗೇ ಸಿಕ್ಕರೆ ಆಳ ನೋಡಿ: ಅವನ ಸೀಸ ತಳ ಮುಟ್ಟಿ ನಿಂತಿದೆ, ನಿಮ್ಮದು ಒಂದು ಮೀಟರ್ ಮೇಲೆ ತೇಲುತ್ತಿರಬಹುದು. ಬಳಿಕ ಎರೆಯ ವಯಸ್ಸು. 15–20 ನಿಮಿಷ ನೀರಲ್ಲಿದ್ದ ಬೊಂಡಾಸ ಬಿಳಿಚಿಕೊಂಡು ರುಚಿಯೆಲ್ಲ ತೊಳೆದುಹೋಗಿರುತ್ತದೆ, ಮೀನು ಮುಟ್ಟದಿದ್ದರೂ ಬದಲಿಸಿ. ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರ ಮೇಲೆ ಹಗುರವಾಗಿ ಎಳೆಯಿರಿ: ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ನೀರು ತಿಳಿಯಾಗಿದ್ದರೆ ತುದಿಯ ದಾರವನ್ನು 30ರಿಂದ 20 ಪೌಂಡಿಗೆ ಇಳಿಸಿ ನೋಡಬಹುದು. ಪೆಟ್ರೋಲ್ ಮುಟ್ಟಿದ ಕೈಯಲ್ಲಿ ಎರೆ ಹಿಡಿಯಬೇಡಿ. ಸೊಳ್ಳೆ ಮುಲಾಮಿನ ಡೀಟ್ ಅಂತೂ ಕೆಲವು ಪ್ಲಾಸ್ಟಿಕ್ಕನ್ನೇ ಹಾಳುಮಾಡುತ್ತದೆ, ಸಾಮಾನಿಗೆ ತಾಗಿಸಬೇಡಿ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಇಬ್ಬರಿರುವುದರ ದೊಡ್ಡ ಲಾಭ ಇದೇ: ಒಬ್ಬರು ತಳದಲ್ಲಿ, ಒಬ್ಬರು ನಡುನೀರಲ್ಲಿ, ಒಬ್ಬರು ಸಿಗಡಿ, ಒಬ್ಬರು ಬೊಂಡಾಸ ಎಂದು ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಆ ದಿನ ಏನು ನಡೆಯುತ್ತದೆ ಎಂದು ತಿಳಿಯುತ್ತದೆ.

ಆಳದಿಂದ ಬಂದ ಮೀನಿನ ಬಾಯಲ್ಲಿ ಬಲೂನಿನಂಥದ್ದು ಬಂದಿದೆ. ನೀರಿಗೆ ಬಿಟ್ರೆ ಬದುಕುತ್ತಾ?

ಹಾಗೇ ಬಿಟ್ಟರೆ ಮೇಲೇ ತೇಲಿ ಸಾಯುವ ಸಂಭವ ಹೆಚ್ಚು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು; ಮೇಲೆ ಬರುವಾಗ ಒಳಗಿನ ಗಾಳಿಚೀಲ ಹಿಗ್ಗಿ ಜಠರವನ್ನೇ ಬಾಯಿಗೆ ತಳ್ಳುತ್ತದೆ. ಅದನ್ನು ಚುಚ್ಚಬಾರದು. ಮುಳ್ಳು ಸವರಿದ ಗಾಳವನ್ನು ದೊಡ್ಡ ಸೀಸಕ್ಕೆ ತಲೆಕೆಳಗಾಗಿ ಕಟ್ಟಿ, ಕೆಳದುಟಿಗೆ ಸಿಕ್ಕಿಸಿ ತಳದವರೆಗೆ ಇಳಿಸಿ, ಒಮ್ಮೆ ಜಗ್ಗಿದರೆ ಕಳಚಿಕೊಳ್ಳುತ್ತದೆ. ಹಿಡಿಯಬಹುದಾದ ಕನಿಷ್ಠ ಅಳತೆ, ನಿಷೇಧದ ತಿಂಗಳುಗಳನ್ನು ನೀವು ಹೋಗುವ ಕಡೆಯ ನಿಯಮ ನೋಡಿ ಮೊದಲೇ ತಿಳಿದಿರಬೇಕು. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ, ಕಿವಿರಿಗೆ ಬೆರಳು ಹಾಕಬೇಡಿ.

ಐಸ್ ಪೆಟ್ಟಿಗೆಯಲ್ಲೇ ಇಟ್ಟಿದ್ರೂ ಮನೆಗೆ ಬರೋ ಹೊತ್ತಿಗೆ ಮೀನು ಮೆತ್ತಗಾಗಿರುತ್ತೆ.

ಐಸ್ ಗಡ್ಡೆಯ ಮೇಲೆ ಇಟ್ಟ ಮೀನಿಗೆ ತಂಪು ತಾಗುವುದು ಒಂದೇ ಕಡೆಯಿಂದ. ಎರಡು ಪಾಲು ಪುಡಿ ಐಸಿಗೆ ಒಂದು ಪಾಲು ಸಮುದ್ರದ ನೀರು ಸೇರಿಸಿ ಕೆಸರಿನಂತೆ ಮಾಡಿ. ಉಪ್ಪಿನಿಂದಾಗಿ ಅದು ಸೊನ್ನೆಗಿಂತಲೂ ಸ್ವಲ್ಪ ಕೆಳಗಿಳಿದು ಸುತ್ತಲಿಂದಲೂ ತಂಪು ಮಾಡುತ್ತದೆ. ಸೆಖೆಯ ದಿನ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್. ಅದಕ್ಕೂ ಮೊದಲು, ಹಿಡಿದ ತಕ್ಷಣ ತಲೆಗೆ ಹೊಡೆದು ಕೊಂದು, ಕಿವಿರು ಕತ್ತರಿಸಿ, ಬಕೆಟ್ ಸಮುದ್ರದ ನೀರಲ್ಲಿ ಹತ್ತು ನಿಮಿಷ ರಕ್ತ ಬಿಡಿ. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಸಡಿಲಾಗುತ್ತದೆ.

ಬಂಗುಡೆ, ಸೂರೆಯಂಥ (ಟ್ಯೂನಾ) ಮೀನುಗಳಲ್ಲಿ ಇದು ರುಚಿಯ ಮಾತಷ್ಟೇ ಅಲ್ಲ. ಬಿಸಿಲಲ್ಲಿ ಬಿಟ್ಟರೆ ಅವುಗಳಲ್ಲಿ ಹಿಸ್ಟಮೀನ್ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ ತಲೆನೋವು, ತುರಿಕೆ ಬರುತ್ತದೆ. ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನು ಸಿಕ್ಕರೆ ಪೆಟ್ಟಿಗೆಗೇ ಹಾಕಬೇಡಿ, ಅದರ ವಿಷವೂ ಬೆಂಕಿಗೆ ಬಗ್ಗುವುದಲ್ಲ.

ಬಂದ ಮೇಲೆ ಎಲ್ಲಾನೂ ಜೋರಾಗಿ ನೀರು ಬಿಟ್ಟು ತೊಳೀತೀವಿ. ಆದ್ರೂ ರೀಲ್ ಬಿಗಿ ಹಿಡೀತಿದೆ.

ಜೋರಾಗಿ ಬಿಡುವುದೇ ತೊಂದರೆ. ರಭಸದ ನೀರು ಉಪ್ಪನ್ನು ಬೇರಿಂಗ್ ಒಳಗೆ ತಳ್ಳುತ್ತದೆ. ಡ್ರ್ಯಾಗ್ ತಿರುಪು ಬಿಗಿ ಮಾಡಿ, ಸಿಹಿನೀರು ತುಂತುರಾಗಿ ಹಾಯಿಸಿ, ಒರೆಸಿ, ನೆರಳಲ್ಲಿ ಒಣಗಿಸಿ. ಆಮೇಲೆ ತಿರುಪು ಪೂರ್ತಿ ಸಡಿಲ ಮಾಡಿ ಇಡಿ, ಇಲ್ಲದಿದ್ದರೆ ಒಳಗಿನ ವಾಷರ್‌ಗಳು ಒತ್ತಿಕೊಂಡು ಹಾಳಾಗುತ್ತವೆ. ಎಂಜಿನ್‌ಗೆ ಸಿಹಿನೀರು ಕೊಟ್ಟು ಐದರಿಂದ ಹತ್ತು ನಿಮಿಷ ಓಡಿಸಿ. ಬಳಸಿದ ಗಾಳಗಳನ್ನು ಹೊಸವುಗಳ ಡಬ್ಬಕ್ಕೆ ಹಾಕಬೇಡಿ, ಒಂದರ ಉಪ್ಪು ಡಬ್ಬವಿಡೀ ತುಕ್ಕು ಹಿಡಿಸುತ್ತದೆ.